ವಿದೇಶಿ ಸಂಶೋಧನಾ ಫೆಲೋಶಿಪ್‌ಗಳು: ಯಾವ ಹಂತದವರಿಗೆ ಯಾವುದು ಹೊಂದುತ್ತದೆ

ಹೊರದೇಶದ ವಿಶ್ವವಿದ್ಯಾಲಯದಲ್ಲಿ ಕೆಲವು ತಿಂಗಳು ಅಥವಾ ಒಂದೆರಡು ವರ್ಷ ಸಂಶೋಧನೆ ನಡೆಸಬೇಕೆಂದುಕೊಂಡವರು ಸಾಮಾನ್ಯವಾಗಿ ಎರಡು ಅಳತೆಗಳಿಂದ ಯೋಜನೆಗಳನ್ನು ತೂಗುತ್ತಾರೆ: ತಿಂಗಳಿಗೆ ಎಷ್ಟು ಹಣ ಸಿಗುತ್ತದೆ ಮತ್ತು ಯಾವುದರ ಹೆಸರು ದೊಡ್ಡದು. ಈ ಎರಡೂ ಅಳತೆಗಳು ದಾರಿ ತಪ್ಪಿಸುತ್ತವೆ. ಹೆಸರಾಂತ ಯೋಜನೆಗಳಲ್ಲಿ ಬಹುಪಾಲು, ಆಯಾ ದೇಶದಲ್ಲಿ ಒಬ್ಬರು ಮಿತವಾಗಿ ಬದುಕುವಷ್ಟನ್ನು ಕೊಟ್ಟೇ ಕೊಡುತ್ತವೆ. ಅವುಗಳ ನಡುವಿನ ನಿಜವಾದ ವ್ಯತ್ಯಾಸ ಇರುವುದು ಬೇರೆ ಮೂರು ಕಡೆ. ಅರ್ಜಿದಾರರು ಸಂಶೋಧನೆಯ ಯಾವ ಹಂತದಲ್ಲಿರಬೇಕು ಎಂಬುದು ಮೊದಲನೆಯದು. ಅರ್ಜಿಯನ್ನು ಸಲ್ಲಿಸುವವರು ಯಾರು, ಅಂದರೆ ಸಂಶೋಧಕರೇ, ಆತಿಥ್ಯ ನೀಡುವ ಪ್ರಾಧ್ಯಾಪಕರೇ, ಅಥವಾ ನಮ್ಮ ವಿಶ್ವವಿದ್ಯಾಲಯವೇ ಎಂಬುದು ಎರಡನೆಯದು. ಅವಧಿ ಮುಗಿದ ಮೇಲೆ ಯಾವ ಕಟ್ಟುಪಾಡು ಉಳಿಯುತ್ತದೆ ಎಂಬುದು ಮೂರನೆಯದು. ಈ ಮೂರಕ್ಕೆ ಉತ್ತರ ಸಿಕ್ಕರೆ ಉದ್ದನೆಯ ಪಟ್ಟಿ ತಾನಾಗಿಯೇ ಎರಡು ಮೂರು ಹೆಸರಿಗೆ ಇಳಿಯುತ್ತದೆ. ಭಾರತದ ವಿಶ್ವವಿದ್ಯಾಲಯಗಳಲ್ಲಿ ಪಿಎಚ್‌.ಡಿ. ಮಾಡುತ್ತಿರುವ ಅಥವಾ ಈಚೆಗೆ ಮುಗಿಸಿದ ಸಂಶೋಧಕರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಹೋಲಿಕೆಯನ್ನು ಬರೆಯಲಾಗಿದೆ.

ಪಿಎಚ್‌.ಡಿ. ನಡೆಯುತ್ತಿರುವಾಗ

ಈ ಹಂತದಲ್ಲಿ ಹೆಚ್ಚಿನವರ ಮುಂದೆ ನಿಲ್ಲುವ ಆಯ್ಕೆ ಅಮೆರಿಕದ ಫುಲ್‌ಬ್ರೈಟ್-ನೆಹರೂ ಡಾಕ್ಟರಲ್ ರಿಸರ್ಚ್ ಫೆಲೋಶಿಪ್ ಮತ್ತು ಜರ್ಮನಿಯ ಡಾಡ್ (DAAD) ಸಂಸ್ಥೆಯ ಸಂಶೋಧನಾ ಅನುದಾನಗಳ ನಡುವಿನದು. ಫುಲ್‌ಬ್ರೈಟ್ ಎಂದೊಡನೆ ಎ.ಕೆ. ರಾಮಾನುಜನ್ 1959ರಲ್ಲಿ ಆ ನೆರವಿನಿಂದ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಹೋಗಿ ಅಲ್ಲಿಯೇ ಡಾಕ್ಟರೇಟ್ ಪಡೆದದ್ದು ನಮ್ಮವರಿಗೆ ನೆನಪಾಗುತ್ತದೆ. ಈಗಿನ ಡಾಕ್ಟರಲ್ ಫೆಲೋಶಿಪ್‌ನ ಸ್ವರೂಪ ಬೇರೆ. ಪದವಿ ಕೊಡುವುದು ಭಾರತದ ವಿಶ್ವವಿದ್ಯಾಲಯವೇ. ಈಗಾಗಲೇ ಇಲ್ಲಿ ನೋಂದಣಿಯಾಗಿ ಕನಿಷ್ಠ ಒಂದು ವರ್ಷವಾದರೂ ಕೆಲಸ ಮಾಡಿದವರು ಆರರಿಂದ ಒಂಬತ್ತು ತಿಂಗಳು ಅಮೆರಿಕದ ಒಂದು ಸಂಸ್ಥೆಯಲ್ಲಿದ್ದು, ತಮ್ಮ ಪ್ರಬಂಧಕ್ಕೆ ಬೇಕಾದ, ಇಲ್ಲಿ ಸಿಗದ ಕೆಲಸವನ್ನು ಮುಗಿಸಿಕೊಂಡು ಮರಳಬೇಕು. ಮಾಸಿಕ ಭತ್ಯೆ, ಹೋಗಿಬರುವ ವಿಮಾನದ ಖರ್ಚು, ಆರೋಗ್ಯ ವಿಮೆಯಂಥ ರಕ್ಷಣೆ ಇವೆಲ್ಲ ಅದರಲ್ಲಿ ಸೇರಿರುತ್ತವೆ. ಭಾರತದಲ್ಲಿ ಇದನ್ನು ನಡೆಸುವುದು ದೆಹಲಿಯಲ್ಲಿ ಕೇಂದ್ರ ಕಚೇರಿಯುಳ್ಳ ಅಮೆರಿಕ-ಭಾರತ ಶೈಕ್ಷಣಿಕ ಪ್ರತಿಷ್ಠಾನ. ಎರಡು ದೇಶಗಳ ನಡುವೆ 1950ರ ಫೆಬ್ರುವರಿಯಲ್ಲಿ ಆದ ಒಪ್ಪಂದದಿಂದ ಹುಟ್ಟಿದ ಈ ಕಾರ್ಯಕ್ರಮಕ್ಕೆ 2008ರಲ್ಲಿ, ಭಾರತವೂ ಸಮಾನವಾಗಿ ಹಣ ಹಾಕಲು ಒಪ್ಪಿದಾಗ, ನೆಹರೂ ಹೆಸರು ಸೇರಿತು.

ಫುಲ್‌ಬ್ರೈಟ್‌ನಲ್ಲಿ ಅರ್ಜಿ ಹಾಕುವವರು ಸಂಶೋಧನಾರ್ಥಿಯೇ. ವಿಷಯದ ಮಿತಿ ಸಡಿಲ. ಸಾಹಿತ್ಯ, ಇತಿಹಾಸ, ಸಮಾಜವಿಜ್ಞಾನದವರಿಗೂ ವಿಜ್ಞಾನದವರಿಗೂ ಜಾಗವಿದೆ. ಆಯ್ಕೆಗಾರರು ಅಂಕಪಟ್ಟಿಗಿಂತ ಹೆಚ್ಚಾಗಿ ಪ್ರಸ್ತಾವವನ್ನೂ, ಸಂದರ್ಶನದಲ್ಲಿ ಅರ್ಜಿದಾರರು ತಮ್ಮ ವಿಷಯವನ್ನು ಬೇರೆ ಕ್ಷೇತ್ರದವರಿಗೆ ಅರ್ಥವಾಗುವಂತೆ ಹೇಳಬಲ್ಲರೇ ಎಂಬುದನ್ನೂ ನೋಡುತ್ತಾರೆ. ಇಷ್ಟೆಲ್ಲ ಅನುಕೂಲದ ಜೊತೆಗೆ ಒಂದು ಗಟ್ಟಿ ಕಟ್ಟುಪಾಡೂ ಇದೆ. ಜೆ-1 ಎಂಬ ವಿನಿಮಯ ವೀಸಾದಲ್ಲಿ ಹೋಗುವ ಫುಲ್‌ಬ್ರೈಟ್ ಫೆಲೋಗಳಿಗೆ ಎರಡು ವರ್ಷ ಸ್ವದೇಶದಲ್ಲಿರಬೇಕೆಂಬ ನಿಯಮ ಅನ್ವಯಿಸುತ್ತದೆ. ಒಟ್ಟು ಎರಡು ವರ್ಷ ಭಾರತದಲ್ಲಿ ಕಳೆಯುವ ತನಕ ಅಮೆರಿಕದ ಎಚ್ ಅಥವಾ ಎಲ್ ವರ್ಗದ ಉದ್ಯೋಗ ವೀಸಾವಾಗಲಿ ಗ್ರೀನ್ ಕಾರ್ಡ್ ಆಗಲಿ ದೊರೆಯುವುದಿಲ್ಲ. ಒಂಬತ್ತು ತಿಂಗಳಿದ್ದು ಬಂದವರಿಗೂ ಇದು ಬಿಡುವುದಿಲ್ಲ. ಜೊತೆಗೆ ಹೋಗುವ ಪತಿ ಅಥವಾ ಪತ್ನಿಗೂ ಇದೇ ನಿಯಮ ತಗಲುತ್ತದೆಯೆಂಬುದನ್ನು ಬಹಳ ಮಂದಿ ಗಮನಿಸಿರುವುದಿಲ್ಲ. ಪಿಎಚ್‌.ಡಿ. ಆದ ಕೂಡಲೇ ಅಮೆರಿಕದಲ್ಲಿ ಉದ್ಯೋಗ ಹಿಡಿಯುವ ಉದ್ದೇಶವಿರುವವರು ಈ ಕಾರಣಕ್ಕೇ ಫುಲ್‌ಬ್ರೈಟ್ ಬಿಟ್ಟು ಬೇರೆ ದಾರಿ ನೋಡುವುದು ಮೇಲು. ಇಲ್ಲಿನ ಕಾಲೇಜಿನಲ್ಲಿ ಕೆಲಸವಿದ್ದು ರಜೆ ಪಡೆದು ಹೋಗುವವರಿಗೆ ಅದೇ ನಿಯಮ ತೊಡಕೇ ಅಲ್ಲ.

ಇನ್ನೊಂದು ಮಾತನ್ನೂ ಇಲ್ಲಿ ಹೇಳಬೇಕು. ಒಂದು ಸರ್ಕಾರದ ಹಣದ ಮೇಲೆ ನಿಂತ ಯೋಜನೆ ಆ ಸರ್ಕಾರದ ರಾಜಕೀಯದ ಗಾಳಿಗೂ ಅಲುಗುತ್ತದೆ. 2025ರ ಮೇ ಕೊನೆಯಲ್ಲಿ ಅಮೆರಿಕವು ವಿದ್ಯಾರ್ಥಿ ಮತ್ತು ವಿನಿಮಯ ವೀಸಾಗಳ ಹೊಸ ಸಂದರ್ಶನಗಳಿಗೆ ದಿನ ನಿಗದಿ ಮಾಡುವುದನ್ನು ಕೆಲವು ವಾರ ನಿಲ್ಲಿಸಿತು. ಮರುತಿಂಗಳು, ಆಯ್ಕೆಯಲ್ಲಿ ಆಡಳಿತ ಕೈ ಹಾಕುತ್ತಿದೆಯೆಂದು ಆಕ್ಷೇಪಿಸಿ ಫುಲ್‌ಬ್ರೈಟ್ ಮಂಡಳಿಯ ಬಹುತೇಕ ಸದಸ್ಯರು ರಾಜೀನಾಮೆ ಕೊಟ್ಟರು. ಇದರಿಂದ ಫುಲ್‌ಬ್ರೈಟ್‌ಗೆ ಅರ್ಜಿ ಹಾಕಬಾರದೆಂದೇನೂ ಆಗುವುದಿಲ್ಲ. ಆದರೆ ಪ್ರಬಂಧದ ಒಂದು ಮುಖ್ಯ ಅಧ್ಯಾಯವನ್ನು ಅದೊಂದರ ಮೇಲೆಯೇ ನಿಲ್ಲಿಸುವವರು, ಪ್ರಯಾಣ ಆರು ತಿಂಗಳು ಮುಂದೆ ಹೋದರೆ ಏನು ಮಾಡಬೇಕೆಂಬುದನ್ನು ತಮ್ಮ ಮಾರ್ಗದರ್ಶಕರೊಂದಿಗೆ ಮೊದಲೇ ಮಾತಾಡಿಕೊಂಡಿರಬೇಕು.

ಡಾಡ್ 1925ರಲ್ಲಿ ಹೈಡೆಲ್‌ಬರ್ಗ್‌ನಲ್ಲಿ ಆರಂಭವಾಗಿ ಈಗ ಬಾನ್ ನಗರದಿಂದ ನಡೆಯುತ್ತಿರುವ ವಿನಿಮಯ ಸಂಸ್ಥೆ. ಅದರ ಒಳ್ಳೆಯ ಗುಣವೆಂದರೆ ಅವಧಿಯ ವೈವಿಧ್ಯ. ಕೆಲವೇ ತಿಂಗಳ ಅಲ್ಪಾವಧಿ ಅನುದಾನ, ಒಂದು ವರ್ಷದವರೆಗಿನ ಅನುದಾನ, ಮತ್ತು ಎರಡು ದೇಶಗಳ ಮಾರ್ಗದರ್ಶಕರ ಕೈಕೆಳಗೆ ನಡೆಯುವ, ಜರ್ಮನಿಯ ವಾಸವನ್ನು ಹಲವು ಭೇಟಿಗಳಾಗಿ ಹಂಚಿಕೊಳ್ಳಬಹುದಾದ ಜಂಟಿ ಪಿಎಚ್‌.ಡಿ. ನೆರವು ಎಂದು ಅದು ಬೇರೆಬೇರೆ ರೂಪದಲ್ಲಿ ಸಿಗುತ್ತದೆ. ಯಾವ ವರ್ಷ ಭಾರತೀಯರಿಗೆ ಯಾವ ರೂಪ ತೆರೆದಿದೆಯೆಂಬುದನ್ನು ಡಾಡ್‌ನ ಜಾಲತಾಣದಲ್ಲಿ ನೋಡಿಯೇ ಮುಂದುವರಿಯಬೇಕು, ಏಕೆಂದರೆ ಅಲ್ಲಿನ ಪಟ್ಟಿ ವರ್ಷವರ್ಷವೂ ಬದಲಾಗುತ್ತದೆ. ಪ್ರಯೋಗಾಲಯದಲ್ಲಿ ಕೆಲಸ ಮಾಡುವವರಿಗೆ ಹಂಚಿಕೊಂಡ ಭೇಟಿಗಳು ಬಹಳ ಉಪಯುಕ್ತ: ಇಲ್ಲಿ ಮಾದರಿಗಳನ್ನು ಸಿದ್ಧಪಡಿಸಿ, ಅಲ್ಲಿನ ಉಪಕರಣದಲ್ಲಿ ಅಳೆದು, ಮತ್ತೆ ಬಂದು ತಿದ್ದಿ, ಮರುವರ್ಷ ಇನ್ನೊಮ್ಮೆ ಹೋಗಬಹುದು. ಮರಳಲೇಬೇಕೆಂಬ ವೀಸಾ ನಿಯಮ ಇಲ್ಲಿಲ್ಲ. ಆದರೆ ಅರ್ಜಿ ಹಾಕುವ ಹೊತ್ತಿಗೆ ಜರ್ಮನಿಯ ಪ್ರಾಧ್ಯಾಪಕರೊಬ್ಬರು ಒಪ್ಪಿ ಪತ್ರ ಕೊಟ್ಟಿರಬೇಕು, ಕೆಲಸದ ವೇಳಾಪಟ್ಟಿ ಅವರೊಂದಿಗೆ ಕುಳಿತು ಮಾಡಿದ್ದಾಗಿರಬೇಕು. ಫುಲ್‌ಬ್ರೈಟ್‌ನಲ್ಲಿ ಅಂಥ ಪತ್ರ ಅರ್ಜಿಯ ಬಲ ಹೆಚ್ಚಿಸುತ್ತದೆ; ಡಾಡ್‌ನಲ್ಲಿ ಅದಿಲ್ಲದೆ ಅರ್ಜಿಯೇ ಇಲ್ಲ.

ಹಾಗಾದರೆ ಯಾವುದು? ಜರ್ಮನಿಯ ಒಂದು ಗುಂಪಿನೊಂದಿಗೆ ಮಾರ್ಗದರ್ಶಕರಿಗೆ ಮೊದಲೇ ಒಡನಾಟವಿದ್ದರೆ ಡಾಡ್ ಸಹಜವಾದ ಆಯ್ಕೆ. ಅಂಥ ಸಂಬಂಧವಿಲ್ಲದೆ, ಜಿಲ್ಲಾ ಕೇಂದ್ರದ ವಿಶ್ವವಿದ್ಯಾಲಯದಲ್ಲಿ ತಾವೇ ಓದಿ ತಾವೇ ಪ್ರಶ್ನೆ ಕಟ್ಟಿಕೊಂಡ ಸಂಶೋಧನಾರ್ಥಿಗೆ ಫುಲ್‌ಬ್ರೈಟ್‌ನ ಬಾಗಿಲು ಹೆಚ್ಚು ತೆರೆದಿದೆ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಅಲ್ಲಿ ಪ್ರಸ್ತಾವವೇ ಮೊದಲ ಮಾತನ್ನಾಡುತ್ತದೆ.

ಇವೆರಡರ ಹೊರಗೆ ವಿಜ್ಞಾನದವರು ರಾಮನ್-ಶಾರ್ಪಾಕ್ ಫೆಲೋಶಿಪ್ ಅನ್ನು ನೋಡಬೇಕು. ಭೌತವಿಜ್ಞಾನದಲ್ಲಿ 1930ರಲ್ಲಿ ನೊಬೆಲ್ ಪಡೆದ ಸಿ.ವಿ. ರಾಮನ್ ಮತ್ತು 1992ರಲ್ಲಿ ಪಡೆದ ಜಾರ್ಜ್ ಶಾರ್ಪಾಕ್ ಅವರ ಹೆಸರಿನಲ್ಲಿ 2013ರಲ್ಲಿ ಆರಂಭವಾದ ಇದು, ಪಿಎಚ್‌.ಡಿ. ಮಾಡುತ್ತಿರುವವರನ್ನು ಕೆಲವು ತಿಂಗಳ ಮಟ್ಟಿಗೆ ಫ್ರಾನ್ಸ್‌ನ ಪ್ರಯೋಗಾಲಯಕ್ಕೆ ಕಳಿಸುತ್ತದೆ. ದೀರ್ಘ ರಜೆ ಸಿಗದವರಿಗೂ, ಒಂದೇ ಒಂದು ತಂತ್ರವನ್ನು ಕಲಿತು ಬರಬೇಕಾದವರಿಗೂ ಇದು ಸಾಕು. ಬ್ರಿಟನ್ನಿನ ಕಾಮನ್‌ವೆಲ್ತ್ ಸ್ಪ್ಲಿಟ್-ಸೈಟ್ ವಿದ್ಯಾರ್ಥಿವೇತನವೂ ಇದೇ ಜಾತಿಯದು: ಪದವಿ ತಾಯ್ನಾಡಿನದು, ಗರಿಷ್ಠ ಒಂದು ವರ್ಷದ ವಾಸ ಅಲ್ಲಿನದು. ಅದರ ಆದ್ಯತೆ ಅಭಿವೃದ್ಧಿಗೆ ಸಂಬಂಧಿಸಿದ ವಿಷಯಗಳ ಮೇಲಿರುವುದರಿಂದ, ಆರೋಗ್ಯ, ಕೃಷಿ, ನೀರು, ಶಿಕ್ಷಣ ಇಂಥವುಗಳ ಮೇಲೆ ಕೆಲಸ ಮಾಡುವವರು ಅರ್ಜಿಯಲ್ಲಿ ಆ ನಂಟನ್ನು ಎದ್ದುಕಾಣುವಂತೆ ಬರೆಯಬೇಕು. ಯಾವ ದೇಶದವರು ಅರ್ಹರೆಂಬ ಪಟ್ಟಿಯನ್ನು ಆಯಾ ವರ್ಷದ ಪ್ರಕಟಣೆಯಲ್ಲೇ ಖಚಿತಪಡಿಸಿಕೊಳ್ಳುವುದು ಒಳ್ಳೆಯದು.

ಹಳೆಯ ಕಾಗದಪತ್ರಗಳನ್ನು ಹುಡುಕಿಕೊಂಡು ಹೋಗುವವರು

ಕನ್ನಡ, ಇತಿಹಾಸ ಮತ್ತು ಮಾನವಿಕ ವಿಭಾಗದವರ ಅಗತ್ಯ ಪ್ರಯೋಗಾಲಯದವರ ಅಗತ್ಯಕ್ಕಿಂತ ಬೇರೆ. ಅವರಿಗೆ ಬೇಕಾದದ್ದು ಹೆಚ್ಚಾಗಿ ಒಂದು ಪತ್ರಾಗಾರದ ಮೇಜು ಮತ್ತು ಅಲ್ಲಿ ಕೂರಲು ಸಮಯ. ಕರ್ನಾಟಕದ ಹತ್ತೊಂಬತ್ತನೆಯ ಶತಮಾನದ ದಾಖಲೆಗಳ ದೊಡ್ಡ ರಾಶಿ ಎರಡು ಊರುಗಳಲ್ಲಿದೆ. ಈಸ್ಟ್ ಇಂಡಿಯಾ ಕಂಪನಿ ಮತ್ತು ಇಂಡಿಯಾ ಆಫೀಸಿನ ದಾಖಲೆಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಪತ್ರಗಳು, ವರದಿಗಳು, ಛಾಯಾಚಿತ್ರಗಳು ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್ ನಗರದಲ್ಲಿವೆ.

ಲಂಡನ್ನಿಗೆ ಹೋಗುವವರಿಗೆ ಚಾರ್ಲ್ಸ್ ವ್ಯಾಲೇಸ್ ಇಂಡಿಯಾ ಟ್ರಸ್ಟ್‌ನ ಸಂಶೋಧನಾ ಅನುದಾನ ಚೆನ್ನಾಗಿ ಹೊಂದುತ್ತದೆ. ಕಲೆ, ಪರಂಪರೆಯ ಸಂರಕ್ಷಣೆ ಮತ್ತು ಮಾನವಿಕ ವಿಷಯಗಳಿಗೇ ಮೀಸಲಾದ ಇದರ ಮೊತ್ತ ಸಣ್ಣದು, ಅವಧಿ ಕೆಲವು ವಾರಗಳಿಂದ ಎರಡು ಮೂರು ತಿಂಗಳ ತನಕ. ಇದು ಪೂರ್ತಿ ಖರ್ಚನ್ನು ಹೊರುವುದಿಲ್ಲವೆಂಬುದು ತಿಳಿದಿರಲಿ. ಉಳಿದದ್ದನ್ನು ಅರ್ಜಿದಾರರು ಬೇರೆ ಕಡೆಯಿಂದ ಹೊಂದಿಸಿಕೊಳ್ಳಬೇಕು. ಆದರೂ ಆರು ವಾರದಲ್ಲಿ ಮುಗಿಯುವ ಕೆಲಸಕ್ಕೆ ಒಂಬತ್ತು ತಿಂಗಳ ಫೆಲೋಶಿಪ್ ಬೇಡುವುದಕ್ಕಿಂತ, ಆರು ವಾರದ ಕಡತಗಳ ಪಟ್ಟಿಯನ್ನೇ ಮುಂದಿಟ್ಟು ಚಿಕ್ಕ ಅನುದಾನ ಕೇಳುವವರ ಪ್ರಸ್ತಾವ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ. ಹೋಗುವ ಮುನ್ನ ಆ ಕಡತಗಳು ಈಗ ನೋಡಲು ಸಿಗುತ್ತವೆಯೇ ಎಂದು ಬರೆದು ಕೇಳುವುದು ಅಗತ್ಯ. 2023ರ ಅಕ್ಟೋಬರ್‌ನಲ್ಲಿ ಬ್ರಿಟಿಷ್ ಲೈಬ್ರರಿಯ ಕಂಪ್ಯೂಟರ್ ವ್ಯವಸ್ಥೆಯ ಮೇಲೆ ದಾಳಿಯಾಗಿ ಅಲ್ಲಿನ ಸೇವೆಗಳು ಬಹುಕಾಲ ಅಸ್ತವ್ಯಸ್ತವಾಗಿದ್ದವು.

ಬಾಸೆಲ್‌ಗೆ ಹೋಗುವವರಿಗೆ ದೊಡ್ಡ ದಾರಿಯೆಂದರೆ ಸ್ವಿಸ್ ಸರ್ಕಾರದ ಎಕ್ಸಲೆನ್ಸ್ ವಿದ್ಯಾರ್ಥಿವೇತನ. ಬೇರೆ ದೇಶದಲ್ಲಿ ಪಿಎಚ್‌.ಡಿ. ಮಾಡುತ್ತಿರುವವರು ಸುಮಾರು ಒಂದು ಶೈಕ್ಷಣಿಕ ವರ್ಷ ಅಲ್ಲಿದ್ದು ಸಂಶೋಧನೆ ನಡೆಸಲು ಅದರಲ್ಲಿ ಅವಕಾಶವಿದೆ. ಸ್ವಿಸ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರ ಒಪ್ಪಿಗೆ ಪತ್ರ ಕಡ್ಡಾಯ. ಪತ್ರಾಗಾರ ಒಂದು ಕಡೆ, ಪ್ರಾಧ್ಯಾಪಕರು ಇನ್ನೊಂದು ಕಡೆ ಎಂಬ ತೊಡಕು ಇಲ್ಲಿದೆ. ಬರೀ ಪತ್ರಾಗಾರದ ಒಪ್ಪಿಗೆ ಇಟ್ಟುಕೊಂಡರೆ ಸಾಲದು. ಬಾಸೆಲ್ ವಿಶ್ವವಿದ್ಯಾಲಯದ ಇತಿಹಾಸ ಅಥವಾ ಧರ್ಮಾಧ್ಯಯನದಂಥ ವಿಭಾಗದಲ್ಲಿ ಆತಿಥ್ಯ ನೀಡುವವರೊಬ್ಬರು ಬೇಕು. ಭಾಷೆಯ ವಿಷಯವನ್ನೂ ಮರೆಮಾಚುವಂತಿಲ್ಲ. ಮಿಷನರಿಗಳ ಆರಂಭದ ಪತ್ರಗಳು ಜರ್ಮನ್ ಭಾಷೆಯಲ್ಲಿವೆ, ಅದೂ ಇಂದಿನ ಜರ್ಮನ್ನರೇ ತಡವರಿಸಿ ಓದುವ ಹಳೆಯ ಕೈಬರಹದಲ್ಲಿ. ಅದನ್ನು ಓದಲು ಕಲಿಯದೆ ಹೋದವರ ಮೊದಲ ಕೆಲವು ತಿಂಗಳು ಅಕ್ಷರ ಕಲಿಯುವುದರಲ್ಲೇ ಕಳೆದುಹೋಗುತ್ತವೆ.

ಮತ್ತೊಂದು ಪರೀಕ್ಷೆ ಈ ವಿಭಾಗದವರಿಗೆ ಮಾತ್ರ ಎದುರಾಗುತ್ತದೆ. ಬಾಸೆಲ್ ಮಿಷನ್ ಛಾಯಾಚಿತ್ರಗಳ ದೊಡ್ಡ ಭಾಗ ಈಗ ಜಾಲತಾಣದಲ್ಲೇ ನೋಡಲು ಸಿಗುತ್ತದೆ. ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯವು, ಬಾಸೆಲ್ ಮಿಷನ್ನಿನ ಪಾದ್ರಿ ಹರ್ಮನ್ ಗುಂಡರ್ಟ್ ಹೆಸರಿನ ಸಂಗ್ರಹವನ್ನು ಡಿಜಿಟಲ್ ರೂಪಕ್ಕೆ ತಂದಾಗ ಅದರಲ್ಲಿ ಮಲಯಾಳಂ ಜೊತೆಗೆ ಕನ್ನಡ ಮತ್ತು ತುಳು ಪುಸ್ತಕಗಳೂ ಸೇರಿದವು. ಮನೆಯಲ್ಲೇ ಕುಳಿತು ಓದಬಹುದಾದದ್ದಕ್ಕೆ ವಿಮಾನದ ಖರ್ಚನ್ನು ಯಾರೂ ಕೊಡುವುದಿಲ್ಲ. ಯಾವುದು ಡಿಜಿಟಲ್ ಆಗಿದೆ, ಯಾವುದು ಆಗಿಲ್ಲ, ಆಗದಿರುವುದರಲ್ಲಿ ನನಗೆ ಬೇಕಾದದ್ದು ಇಂಥ ಇಂಥ ಕಟ್ಟುಗಳು ಎಂದು ಪ್ರಸ್ತಾವದಲ್ಲಿ ಬರೆದವರು ಉಳಿದವರಿಗಿಂತ ಬಹಳ ಮುಂದಿರುತ್ತಾರೆ.

ಪಿಎಚ್‌.ಡಿ. ಮುಗಿದ ಮೇಲೆ

ಈ ಹಂತದಲ್ಲಿ ಪದವಿ ಬಂದ ದಿನದಿಂದ ವರ್ಷಗಳ ಲೆಕ್ಕ ಶುರುವಾಗುತ್ತದೆ. ಜರ್ಮನಿಯ ಹಂಬೋಲ್ಟ್ ಪ್ರತಿಷ್ಠಾನದ ಸಂಶೋಧನಾ ಫೆಲೋಶಿಪ್‌ನಲ್ಲಿ ಪಿಎಚ್‌.ಡಿ. ಆಗಿ ನಾಲ್ಕು ವರ್ಷದೊಳಗಿನವರದು ಒಂದು ವರ್ಗ, ಹನ್ನೆರಡು ವರ್ಷದೊಳಗಿನ ಅನುಭವಿಗಳದು ಇನ್ನೊಂದು. ಯುರೋಪಿಯನ್ ಒಕ್ಕೂಟದ ಮೇರಿ ಕ್ಯೂರಿ ಪೋಸ್ಟ್‌ಡಾಕ್ಟರಲ್ ಫೆಲೋಶಿಪ್‌ನಲ್ಲಿ ಪಿಎಚ್‌.ಡಿ. ನಂತರದ ಸಂಶೋಧನಾ ಅನುಭವ ಎಂಟು ವರ್ಷ ಮೀರುವಂತಿಲ್ಲ. ಜಪಾನಿನ ವಿಜ್ಞಾನ ಪ್ರೋತ್ಸಾಹಕ ಸಂಸ್ಥೆಯಾದ ಜೆಎಸ್‌ಪಿಎಸ್‌ನ ಪೋಸ್ಟ್‌ಡಾಕ್ಟರಲ್ ಫೆಲೋಶಿಪ್‌ಗೆ ಆರು ವರ್ಷದ ಮಿತಿ. ಪದವಿಯ ನಂತರ ಕಾಲೇಜಿನಲ್ಲಿ ಐದು ವರ್ಷ ಪಾಠ ಹೇಳಿದವರಿಗೆ ಹಂಬೋಲ್ಟ್‌ನ ಎರಡನೆಯ ವರ್ಗವೇ ಒಳ್ಳೆಯ ದಾರಿ. ಆ ವರ್ಗದಲ್ಲಿ ವಾಸವನ್ನು ಎರಡು ಮೂರು ಭಾಗವಾಗಿ ಒಡೆದು, ಬೇಸಿಗೆ ರಜೆಗಳಲ್ಲಿ ಹೋಗಿಬರುವ ಅವಕಾಶವೂ ಇರುವುದರಿಂದ ಖಾಯಂ ಕೆಲಸ ಬಿಡಲಾಗದ ಅಧ್ಯಾಪಕರಿಗೆ ಅದು ತುಂಬ ಅನುಕೂಲ.

ಹಂಬೋಲ್ಟ್ ಮತ್ತು ಮೇರಿ ಕ್ಯೂರಿ ಎರಡರ ಸ್ವಭಾವವೇ ಬೇರೆ. ಹಂಬೋಲ್ಟ್ ಆರಿಸುವುದು ವ್ಯಕ್ತಿಯನ್ನು. ಈ ತನಕ ಅವರು ಪ್ರಕಟಿಸಿದ್ದೇನು, ಸ್ವತಂತ್ರವಾಗಿ ಯೋಚಿಸಬಲ್ಲರೇ, ಆತಿಥ್ಯ ನೀಡುವ ಜರ್ಮನ್ ವಿದ್ವಾಂಸರು ಅವರ ಬಗ್ಗೆ ಏನು ಬರೆದಿದ್ದಾರೆ ಎಂಬುದೇ ಅಲ್ಲಿ ಮುಖ್ಯ. ದೇಶಕ್ಕೆ ಇಷ್ಟು, ವಿಷಯಕ್ಕೆ ಇಷ್ಟು ಎಂಬ ಕೋಟಾ ಇಲ್ಲ. ಸಿಗುವುದು ವೇತನವಲ್ಲ, ಫೆಲೋಶಿಪ್ ಮೊತ್ತ. ಹೋಗುವ ಮುನ್ನ ಜರ್ಮನ್ ಕಲಿಯಲು ನೆರವು, ಮುಗಿದ ಮೇಲೂ ಮತ್ತೆ ಮತ್ತೆ ಜರ್ಮನಿಗೆ ಹೋಗಿಬರಲು ಬೆಂಬಲ ಸಿಗುತ್ತದೆ. ಒಮ್ಮೆ ಹಂಬೋಲ್ಟ್ ಫೆಲೋ ಆದವರು ಕೊನೆಯ ತನಕ ಆ ಬಳಗದವರೇ.

ಮೇರಿ ಕ್ಯೂರಿ ಆರಿಸುವುದು ಪ್ರಸ್ತಾವವನ್ನು. ಹತ್ತು ಪುಟಗಳ ವಿವರಣೆಯಲ್ಲಿ ಸಂಶೋಧನೆಯ ಗುಣಮಟ್ಟಕ್ಕೆ ಶೇ. 50, ಅದರ ಪರಿಣಾಮಕ್ಕೆ ಶೇ. 30, ಅನುಷ್ಠಾನಕ್ಕೆ ಶೇ. 20 ಎಂದು ಅಂಕ ಹಂಚಿರುತ್ತದೆ. ಬುದ್ಧಿವಂತ ಸಂಶೋಧಕರು ಎಡವುವುದು ಹೆಚ್ಚಾಗಿ ಎರಡನೆಯ ಮತ್ತು ಮೂರನೆಯ ಭಾಗದಲ್ಲಿ. ಎಲ್ಲರೂ ಮೊದಲ ಭಾಗವನ್ನು ಚೆನ್ನಾಗಿಯೇ ಬರೆದಿರುವಾಗ, ಫಲಿತಾಂಶವನ್ನು ಯಾರಿಗೆ ಹೇಗೆ ತಲುಪಿಸುವಿರಿ, ಉಪಕರಣ ಕೆಟ್ಟರೆ ಅಥವಾ ದತ್ತಾಂಶ ಸಿಗದಿದ್ದರೆ ಬದಲಿ ದಾರಿ ಯಾವುದು ಎಂಬ ಸಾಲುಗಳೇ ಆಯ್ಕೆಯನ್ನು ತೀರ್ಮಾನಿಸುತ್ತವೆ. ಅರ್ಜಿಯನ್ನು ಆತಿಥ್ಯ ನೀಡುವ ಸಂಸ್ಥೆಯ ಮೇಲ್ವಿಚಾರಕರೊಂದಿಗೆ ಸೇರಿ ಸಲ್ಲಿಸಬೇಕು. ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಇದಕ್ಕೆಂದೇ ಕಚೇರಿಗಳಿದ್ದು, ಕೆಲವು ಕಡೆ ಕರಡನ್ನು ಓದಿ ತಿದ್ದಿಕೊಡುತ್ತಾರೆ. ಆತಿಥೇಯ ಸಂಸ್ಥೆಯನ್ನು ಆರಿಸುವಾಗ ಇದನ್ನೂ ಕೇಳಿ ತಿಳಿಯುವುದು ಜಾಣತನ. ಆಯ್ಕೆಯಾದವರು ಸಾಮಾನ್ಯವಾಗಿ ಉದ್ಯೋಗ ಒಪ್ಪಂದದ ಮೇಲೆ ಸೇರುತ್ತಾರೆ, ಸಾಮಾಜಿಕ ಭದ್ರತೆ ಇರುತ್ತದೆ. ಪ್ರಕಟವಾಗುವ ಮೊತ್ತ ತೆರಿಗೆ ಮತ್ತು ಸಂಸ್ಥೆಯ ಕಡ್ಡಾಯ ಪಾವತಿಗಳನ್ನು ಕಳೆಯುವ ಮುನ್ನದ್ದು, ಆದ್ದರಿಂದ ಕೈಗೆ ಬರುವುದು ಅದಕ್ಕಿಂತ ಸಾಕಷ್ಟು ಕಡಿಮೆ. ಹಂಬೋಲ್ಟ್‌ನ ಮೊತ್ತದೊಂದಿಗೆ ಇದನ್ನು ನೇರವಾಗಿ ಹೋಲಿಸುವವರು ಈ ಲೆಕ್ಕದಲ್ಲಿ ತಪ್ಪುತ್ತಾರೆ.

ಮೇರಿ ಕ್ಯೂರಿಯಲ್ಲಿ ಪೈಪೋಟಿ ಎಷ್ಟೆಂಬುದಕ್ಕೆ ಅಂಕಿಗಳಿವೆ. 2024ರ ಸುತ್ತಿಗೆ 10,360 ಅರ್ಜಿಗಳು ಬಂದು 1,696 ಮಂದಿ ಆಯ್ಕೆಯಾದರು. 2025ರಲ್ಲಿ ಅರ್ಜಿಗಳು 17,058ಕ್ಕೆ ಏರಿದವು, ಹಣ ಮಾತ್ರ ಆ ಪ್ರಮಾಣದಲ್ಲಿ ಹೆಚ್ಚಲಿಲ್ಲ. ಅರ್ಹತೆಯ ಇನ್ನೊಂದು ನಿಯಮವನ್ನು ಎಚ್ಚರದಿಂದ ಓದಬೇಕು: ಕೊನೆಯ ದಿನಾಂಕದ ಹಿಂದಿನ 36 ತಿಂಗಳಲ್ಲಿ ಆತಿಥೇಯ ದೇಶದಲ್ಲಿ 12 ತಿಂಗಳಿಗಿಂತ ಹೆಚ್ಚು ಇದ್ದವರು ಆ ದೇಶಕ್ಕೆ ಅರ್ಜಿ ಹಾಕುವಂತಿಲ್ಲ. ಜರ್ಮನಿಯಲ್ಲಿಯೇ ಎರಡು ವರ್ಷ ಪೋಸ್ಟ್‌ಡಾಕ್ ಮಾಡಿ ಈಗಷ್ಟೇ ಮುಗಿಸಿದವರಿಗೆ ಜರ್ಮನಿ ಮುಚ್ಚಿದ ಬಾಗಿಲು, ಆದರೆ ಸ್ಪೇನ್ ಅಥವಾ ನೆದರ್‌ಲ್ಯಾಂಡ್ಸ್ ತೆರೆದಿರುತ್ತದೆ. 2024ರಿಂದ ಬ್ರಿಟನ್ ಕೂಡ ಯುರೋಪಿನ ಈ ಸಂಶೋಧನಾ ಕಾರ್ಯಕ್ರಮದೊಳಗೆ ಮರಳಿರುವುದರಿಂದ ಅಲ್ಲಿನ ಸಂಸ್ಥೆಗಳೂ ಲೆಕ್ಕಕ್ಕೆ ಬರುತ್ತವೆ.

ಜಪಾನಿನದು ಬೇರೆಯೇ ಕ್ರಮ. ಜೆಎಸ್‌ಪಿಎಸ್‌ನ ಒಂದರಿಂದ ಎರಡು ವರ್ಷದ ಫೆಲೋಶಿಪ್‌ಗೆ ಮುಖ್ಯ ದಾರಿಯಲ್ಲಿ ಅರ್ಜಿ ಸಲ್ಲಿಸುವವರು ಆತಿಥ್ಯ ನೀಡುವ ಜಪಾನೀ ಸಂಶೋಧಕರು, ಅವರ ಸಂಸ್ಥೆಯ ಮೂಲಕ. ತಿಂಗಳಿಗೆ 3,62,000 ಯೆನ್ ಎಂಬುದು ಕೇಳಲು ಆಕರ್ಷಕವಾದರೂ, ಅಲ್ಲಿನ ಪ್ರಾಧ್ಯಾಪಕರು ತಮ್ಮ ಸಮಯ ಕೊಟ್ಟು ಅರ್ಜಿ ತುಂಬುವಷ್ಟು ವಿಶ್ವಾಸ ಗಳಿಸದವರಿಗೆ ಆ ಅಂಕಿಯಿಂದ ಏನೂ ಪ್ರಯೋಜನವಿಲ್ಲ. ಜಂಟಿ ಪ್ರಕಟಣೆಯೋ ಸಮ್ಮೇಳನದಲ್ಲಿನ ಭೇಟಿಯೋ ಮೊದಲೇ ಆಗಿದ್ದವರಿಗೆ ಇದು ಸುಲಭ, ಉಳಿದವರಿಗೆ ನಿಧಾನದ ದಾರಿ.

ಸಂಸ್ಥೆಯ ಮೂಲಕವೇ ಹೋಗಬೇಕಾದವು

ಯುರೋಪಿನ ಎರಾಸ್ಮಸ್ ಪ್ಲಸ್ ಅಡಿಯ ಅಲ್ಪಾವಧಿ ವಿನಿಮಯಕ್ಕೆ ಒಬ್ಬರೇ ನೇರವಾಗಿ ಅರ್ಜಿ ಹಾಕಲಾಗದು. ನಮ್ಮ ವಿಶ್ವವಿದ್ಯಾಲಯಕ್ಕೂ ಅಲ್ಲಿನ ವಿಶ್ವವಿದ್ಯಾಲಯಕ್ಕೂ ಒಪ್ಪಂದವಿದ್ದು, ನಮ್ಮವರು ಹೆಸರು ಸೂಚಿಸಬೇಕು. 2018ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಸ್ಪಾರ್ಕ್ ಯೋಜನೆಯಲ್ಲೂ ಹಣ ಹೋಗುವುದು ಎರಡು ಕಡೆಯ ಅಧ್ಯಾಪಕರು ಸೇರಿ ಮಾಡುವ ಯೋಜನೆಗೆ, ವಿದ್ಯಾರ್ಥಿಗಳ ಪ್ರಯಾಣ ಅದರ ಒಂದು ಭಾಗ. ವಿಜ್ಞಾನ ಇಲಾಖೆ ಮತ್ತು ಡಾಡ್ ಜೊತೆಯಾಗಿ ನಡೆಸುವ ವಿನಿಮಯವೂ ಹಾಗೆಯೇ. ಇವುಗಳಲ್ಲಿ ಪೈಪೋಟಿ ಕಡಿಮೆ, ಸುದ್ದಿಯೂ ಕಡಿಮೆ. ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿಭಾಗಕ್ಕೆ ಒಮ್ಮೆ ಹೋಗಿ, ಈಗ ಯಾವ ಒಪ್ಪಂದಗಳು ಜೀವಂತವಾಗಿವೆ ಎಂದು ಕೇಳುವುದರಿಂದ ನಷ್ಟವೇನಿಲ್ಲ. ಎಷ್ಟೋ ಒಪ್ಪಂದಗಳು ಗೋಡೆಯ ಮೇಲಿನ ಛಾಯಾಚಿತ್ರದಲ್ಲಿ ಮಾತ್ರ ಉಳಿದಿರುತ್ತವೆಯೆಂಬುದೂ ನಿಜ.

ವಿದೇಶದಲ್ಲೇ ಪೂರ್ತಿ ಪದವಿ ಮಾಡಬೇಕೆನ್ನುವ ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಮುಖ್ಯವಾದದ್ದು. ವಿಮುಕ್ತ ಅಲೆಮಾರಿ ಸಮುದಾಯದವರಿಗೂ, ಭೂಮಿಯಿಲ್ಲದ ಕೃಷಿ ಕಾರ್ಮಿಕರು ಮತ್ತು ಸಾಂಪ್ರದಾಯಿಕ ಕುಶಲಕರ್ಮಿಗಳ ಕುಟುಂಬದವರಿಗೂ ಅದರಲ್ಲಿ ಪಾಲಿದೆ. 2022ರ ಮಾರ್ಗಸೂಚಿಯಲ್ಲಿ ಭಾರತೀಯ ಸಂಸ್ಕೃತಿ, ಪರಂಪರೆ, ಇತಿಹಾಸ ಮತ್ತು ಭಾರತದ ಸಾಮಾಜಿಕ ಅಧ್ಯಯನದ ವಿಷಯಗಳನ್ನು ಅದರಿಂದ ಹೊರಗಿಟ್ಟದ್ದು ಟೀಕೆಗೆ ಗುರಿಯಾಯಿತು. ನನ್ನ ದೃಷ್ಟಿಯಲ್ಲಿ ಅದು ಅನ್ಯಾಯದ ನಿರ್ಬಂಧ, ಏಕೆಂದರೆ ತಮ್ಮ ಸಮುದಾಯದ ಚರಿತ್ರೆಯನ್ನು ಹೊರಗಿನ ಗ್ರಂಥಾಲಯಗಳಲ್ಲಿ ಹುಡುಕಬೇಕಾದವರಿಗೇ ಅದು ಅಡ್ಡ ಬರುತ್ತದೆ. ಅರ್ಜಿ ಹಾಕುವವರು ಆಯಾ ವರ್ಷದ ಮಾರ್ಗಸೂಚಿಯ ವಿಷಯಪಟ್ಟಿಯನ್ನು ಮೊದಲು ಓದಬೇಕು. ಕರ್ನಾಟಕ ಸರ್ಕಾರದ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆಯೂ ಪರಿಶಿಷ್ಟ ಜಾತಿ ಮತ್ತು ಪಂಗಡದವರ ವಿದೇಶಿ ವ್ಯಾಸಂಗಕ್ಕೇ ಇರುವುದರಿಂದ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದು ಸರಿ.

ಪತ್ರ, ರಜೆ, ದಿನಾಂಕ

ಮೇಲಿನ ಯೋಜನೆಗಳಲ್ಲಿ ಬಹುಪಾಲಿಗೆ ಆತಿಥೇಯರ ಪತ್ರವೇ ಬೀಗದ ಕೈ. "ತಾವು ಬಂದರೆ ಸಂತೋಷ" ಎಂಬ ಎರಡು ಸಾಲಿನ ಪತ್ರದಿಂದ ಹೆಚ್ಚು ಉಪಯೋಗವಿಲ್ಲ. ಯಾವ ತಿಂಗಳಿಂದ ಯಾವ ತಿಂಗಳ ತನಕ, ಯಾವ ಸಂಗ್ರಹ ಅಥವಾ ಉಪಕರಣವನ್ನು ಬಳಸಲು ಬಿಡುತ್ತಾರೆ, ಯಾರು ಮಾರ್ಗದರ್ಶನ ಮಾಡುತ್ತಾರೆ, ಆ ಸಂಶೋಧನೆಯಿಂದ ತಮ್ಮ ವಿಭಾಗಕ್ಕೇನು ಲಾಭ ಎಂದು ಹೇಳುವ ಪತ್ರ ಬೇಕು. ಅಂಥ ಪತ್ರ ಬರಬೇಕಾದರೆ ಅವರಿಗೆ ಬರೆಯುವ ಮೊದಲ ಮಿಂಚಂಚೆ ಒಂದೇ ಪುಟದ್ದಾಗಿದ್ದು, ಅವರ ಈಚಿನ ಒಂದು ಲೇಖನಕ್ಕೆ ತಮ್ಮ ಪ್ರಶ್ನೆ ಎಲ್ಲಿ ತಾಗುತ್ತದೆಂದು ಹೇಳಬೇಕು. ಒಂದೇ ಒಕ್ಕಣೆಯನ್ನು ಐವತ್ತು ಜನರಿಗೆ ಕಳಿಸಿದರೆ ಅದು ಓದುವವರಿಗೆ ಮೊದಲ ಸಾಲಿನಲ್ಲೇ ತಿಳಿಯುತ್ತದೆ. ಕೊನೆಯ ದಿನಾಂಕಕ್ಕೆ ಐದಾರು ತಿಂಗಳು ಮೊದಲೇ ಈ ಪತ್ರವ್ಯವಹಾರ ಆರಂಭವಾಗಿರಬೇಕು.

ಇಲ್ಲಿನ ಕಚೇರಿಯ ಸಮಯವನ್ನೂ ಲೆಕ್ಕಕ್ಕೆ ಹಿಡಿಯಬೇಕು. ನಿರಾಕ್ಷೇಪಣಾ ಪತ್ರದ ಕಡತ ಮಾರ್ಗದರ್ಶಕರಿಂದ ವಿಭಾಗಕ್ಕೆ, ಅಲ್ಲಿಂದ ಪಿಎಚ್‌.ಡಿ. ಶಾಖೆಗೆ, ಮತ್ತೆ ಕುಲಸಚಿವರಿಗೆ ಹೋಗಿಬರಲು ತಿಂಗಳುಗಳೇ ಬೇಕಾಗಬಹುದು. ಯುಜಿಸಿಯ 2022ರ ನಿಯಮದ ಪ್ರಕಾರ ಪಿಎಚ್‌.ಡಿ.ಗೆ ಸಾಮಾನ್ಯ ಗರಿಷ್ಠ ಅವಧಿ ಆರು ವರ್ಷ, ಮರುನೋಂದಣಿಯಿಂದ ಅದನ್ನು ವಿಸ್ತರಿಸಲು ಅವಕಾಶವಿದೆ. ಫುಲ್‌ಬ್ರೈಟ್‌ನಲ್ಲಿ ಅರ್ಜಿಯಿಂದ ಪ್ರಯಾಣದ ತನಕ ಸುಮಾರು ಒಂದು ವರ್ಷ ಕಳೆಯುವುದರಿಂದ, ನಾಲ್ಕನೆಯ ವರ್ಷದ ಕೊನೆಯಲ್ಲಿ ಅರ್ಜಿ ಹಾಕಿದವರು ಮರಳಿ ಬರುವಾಗ ಪ್ರಬಂಧ ಸಲ್ಲಿಸುವ ಗಡುವು ಕುತ್ತಿಗೆಗೆ ಬಂದಿರುತ್ತದೆ. ಕೋರ್ಸ್‌ವರ್ಕ್ ಮುಗಿದು ವಿಷಯ ಗಟ್ಟಿಯಾದ ಎರಡನೆಯ ವರ್ಷವೇ ಅರ್ಜಿ ಹಾಕಲು ಒಳ್ಳೆಯ ಕಾಲ. ಇಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಪಡೆಯುತ್ತಿರುವವರು, ಹೊರಗಿರುವ ತಿಂಗಳುಗಳಲ್ಲಿ ಅದು ನಿಲ್ಲುತ್ತದೆಯೇ ಮುಂದುವರಿಯುತ್ತದೆಯೇ ಎಂಬುದನ್ನು ಅದನ್ನು ಕೊಡುವವರಿಂದ ಬರಹದಲ್ಲೇ ಪಡೆದುಕೊಳ್ಳಬೇಕು.

ಎರಡು ಮೂರು ಕಡೆ ಏಕಕಾಲಕ್ಕೆ ಅರ್ಜಿ ಹಾಕುವುದರಲ್ಲಿ ತಪ್ಪೇನಿಲ್ಲ, ಒಂದೇ ಅವಧಿಗೆ ಎರಡು ಕಡೆಯ ಹಣ ಪಡೆಯಲಾಗದು ಅಷ್ಟೆ. ಹಂಬೋಲ್ಟ್‌ಗೂ ಮೇರಿ ಕ್ಯೂರಿಗೂ ಒಬ್ಬರೇ ಜರ್ಮನ್ ಆತಿಥೇಯರನ್ನು ಇಟ್ಟುಕೊಂಡು ಪ್ರಯತ್ನಿಸುವವರು ಅದನ್ನು ಅವರಿಗೆ ಮೊದಲೇ ತಿಳಿಸಬೇಕು. ಮೇರಿ ಕ್ಯೂರಿಯಲ್ಲಿ ಆಯ್ಕೆಯಾಗದವರಿಗೂ ಪರಿಶೀಲಕರ ಟಿಪ್ಪಣಿ ಮತ್ತು ಅಂಕಗಳ ವರದಿ ಬರುತ್ತದೆ. ಸೆಪ್ಟೆಂಬರ್ ಸುಮಾರಿಗೆ ಅರ್ಜಿ ಹಾಕಿದವರ ಕೈಗೆ ಅದು ಮರುವರ್ಷದ ಫೆಬ್ರುವರಿ ಹೊತ್ತಿಗೆ ಸೇರುವುದರಿಂದ, ಕಡಿಮೆ ಅಂಕ ಬಿದ್ದ ಭಾಗವನ್ನು ಬೇಸಿಗೆಯಲ್ಲಿ ಮತ್ತೆ ಬರೆದು ಮುಂದಿನ ಸುತ್ತಿಗೆ ಸಲ್ಲಿಸಲು ಸಮಯವಿರುತ್ತದೆ. ಅಂಕ ತೀರ ಕಡಿಮೆಯಿದ್ದರೆ ಅದೇ ಸಂಸ್ಥೆಯೊಂದಿಗೆ ಮರುವರ್ಷವೇ ಮತ್ತೆ ಸಲ್ಲಿಸದಂತೆ ತಡೆಯುವ ನಿಯಮವಿದೆ, ಅದರ ಈಗಿನ ಮಿತಿಯನ್ನು ಆ ವರ್ಷದ ಪ್ರಕಟಣೆಯಲ್ಲಿ ನೋಡಿಕೊಂಡು ಬೇಕಿದ್ದರೆ ಬೇರೆ ಸಂಸ್ಥೆಯನ್ನು ಹುಡುಕಬೇಕು.